ಕೆರೆ ಕೋಡಿ ಬಿದ್ದಾಗ ಮನೆ ವಿಮೆ ಕೈಹಿಡಿಯುತ್ತದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆ ವಿಮೆಯ ಕಂತಿಗೂ ಬದಲಾಗುತ್ತಿರುವ ಹವಾಮಾನಕ್ಕೂ ಇರುವ ನಂಟಿನ ಬಗ್ಗೆ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓದುಗರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ತುಮಕೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಪಿಂಚಣಿಯೇ ಆಧಾರ. ಸ್ವಂತ ಮನೆಗೆ ಕೆಲವು ವರ್ಷಗಳಿಂದ ವಿಮೆ ಮಾಡಿಸುತ್ತಿದ್ದೇನೆ. ಈ ಬಾರಿ ನವೀಕರಣದ ಪತ್ರದಲ್ಲಿ ಕಂತು ಏರಿದೆ. ಹವಾಮಾನ ಬದಲಾವಣೆಯ ಕಾರಣದಿಂದ ಅಮೆರಿಕದಲ್ಲಿ ಕಂಪನಿಗಳು ಮನೆಗಳಿಗೆ ವಿಮೆ ಕೊಡುವುದನ್ನೇ ನಿಲ್ಲಿಸಿವೆ ಎಂದು ಓದಿದೆ. ನಮ್ಮದು ಬರದ ಜಿಲ್ಲೆ. ಎಲ್ಲಿಯೋ ಬಂದ ನೆರೆಯ ಲೆಕ್ಕವನ್ನು ನಮ್ಮ ತಲೆಗೆ ಕಟ್ಟುವುದು ನ್ಯಾಯವೇ? ಕಂತು ಕಟ್ಟುವುದನ್ನು ಬಿಟ್ಟುಬಿಡಲೇ?

ಉತ್ತರ: ಮಾನ್ಯರೇ, ದಯವಿಟ್ಟು ಬಿಡಬೇಡಿ. ನಿಮ್ಮ ಪ್ರಶ್ನೆಯಲ್ಲಿರುವ ಆತಂಕ ಸಕಾರಣವಾದದ್ದು, ಆದರೆ ಕಂತು ಹೇಗೆ ನಿಗದಿಯಾಗುತ್ತದೆ ಎಂಬುದನ್ನು ನೋಡಿದ ಮೇಲೆ ನಿರ್ಧಾರ ಮಾಡುವುದು ಒಳ್ಳೆಯದು.

ನೀವು ಕಟ್ಟುವ ಕಂತಿನಲ್ಲಿ ಮೂರು ಭಾಗಗಳಿರುತ್ತವೆ. ನಿಮ್ಮಂಥ ಮನೆಗಳಿಗೆ ಒಂದು ವರ್ಷದಲ್ಲಿ ಸರಾಸರಿ ಎಷ್ಟು ಹಾನಿಯಾಗಬಹುದು ಎಂಬ ಅಂದಾಜು ಮೊದಲನೆಯದು. ಕಂಪನಿಯ ಖರ್ಚು, ಏಜೆಂಟರ ಕಮಿಷನ್ ಮತ್ತು ಲಾಭ ಎರಡನೆಯದು. ಮರುವಿಮೆಯ ವೆಚ್ಚ ಮೂರನೆಯದು. ಇವೆಲ್ಲದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೀಳುತ್ತದೆ. ಈ ಮೂರನೆಯ ಭಾಗವೇ ನಿಮ್ಮ ಪ್ರಶ್ನೆಯ ತಿರುಳು. ಒಂದು ಮನೆಗೆ ಬೆಂಕಿ ಬಿದ್ದರೆ ವಿಮಾ ಕಂಪನಿ ತಾಳಿಕೊಳ್ಳುತ್ತದೆ. ಒಂದೇ ರಾತ್ರಿಯ ಮಳೆಗೆ ಒಂದು ನಗರದ ಸಾವಿರಾರು ಮನೆಗಳಿಗೆ ನೀರು ನುಗ್ಗಿದರೆ ಎಲ್ಲರೂ ಏಕಕಾಲಕ್ಕೆ ಪರಿಹಾರ ಕೇಳುತ್ತಾರೆ, ಆಗ ಕಂಪನಿಯೇ ಕುಸಿಯಬಹುದು. ಹಾಗಾಗಬಾರದೆಂದು ಅದು ತನ್ನ ಹೊರೆಯ ಒಂದು ಪಾಲನ್ನು ಮರುವಿಮಾ ಕಂಪನಿಗೆ ಹಣ ಕೊಟ್ಟು ವರ್ಗಾಯಿಸುತ್ತದೆ. ನಮ್ಮಲ್ಲಿ ಸಾರ್ವಜನಿಕ ವಲಯದ ಜಿಐಸಿ ರೀ ಈ ಕೆಲಸ ಮಾಡುತ್ತದೆ. ಮ್ಯೂನಿಕ್ ರೀ, ಸ್ವಿಸ್ ರೀ ಮೊದಲಾದ ವಿದೇಶಿ ಕಂಪನಿಗಳೂ ಇವೆ. ಈ ಒಪ್ಪಂದಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತವೆ. ಫ್ಲಾರಿಡಾದ ಚಂಡಮಾರುತ, ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚು, ಚೆನ್ನೈನ ನೆರೆ ಎಲ್ಲವೂ ಕೊನೆಗೆ ಅದೇ ಕೆಲವು ಮರುವಿಮಾ ಕಂಪನಿಗಳ ಲೆಕ್ಕದ ಪುಸ್ತಕಕ್ಕೆ ಬಂದು ಸೇರುವುದರಿಂದ, ಅಲ್ಲಿನ ನಷ್ಟದ ಬಿಸಿ ತುಮಕೂರಿನ ಪಾಲಿಸಿಗೂ ಸ್ವಲ್ಪ ಮಟ್ಟಿಗೆ ತಟ್ಟುತ್ತದೆ. ಇದು ಅನ್ಯಾಯವೆಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮಲ್ಲಿ ದೊಡ್ಡ ಹಾನಿಯಾದಾಗ ಹಣ ಬರುವುದೂ ಅದೇ ದಾರಿಯಿಂದ ಎಂಬುದನ್ನು ಮರೆಯಬಾರದು.

ಇನ್ನು, ನಮ್ಮದು ಬರದ ಜಿಲ್ಲೆ ಎಂಬ ಮಾತು. ಬಯಲುಸೀಮೆಯ ನಮ್ಮ ಮೂರು ಜಿಲ್ಲೆಗಳಿಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಮಳೆಯೂ ಕಡಿಮೆ. ಆದರೆ ನೆರೆ ಬರುವುದಕ್ಕೆ ವರ್ಷದ ಒಟ್ಟು ಮಳೆ ಹೆಚ್ಚಾಗಿರಬೇಕೆಂದೇನಿಲ್ಲ; ಒಂದೆರಡು ದಿನಗಳಲ್ಲಿ ಎಷ್ಟು ಸುರಿಯಿತು ಎಂಬುದೇ ಮುಖ್ಯ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ, ಆ ತೇವಾಂಶ ಇಳಿಯುವಾಗ ಬಿರುಮಳೆಯಾಗಿ ಇಳಿಯುತ್ತದೆ. 2021ರ ಆಗಸ್ಟ್‌ನಲ್ಲಿ ನಂದಿಬೆಟ್ಟದ ರಸ್ತೆ ಒಂದೇ ರಾತ್ರಿಯ ಮಳೆಗೆ ಕುಸಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ, ರಾಗಿ ಕೊಯ್ಲಿನ ಹೊತ್ತಿಗೆ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕೆರೆಗಳು ಕೋಡಿ ಬಿದ್ದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. 2022ರ ಮಳೆಗಾಲದಲ್ಲಿ ನಿಮ್ಮ ಜಿಲ್ಲೆಯ ಜಯಮಂಗಲಿ ನದಿ ಉಕ್ಕಿ ಹರಿಯಿತು. ಅದರ ಮರುವರ್ಷವೇ, 2023ರಲ್ಲಿ, ರಾಜ್ಯ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ವಿಮಾ ಕಂಪನಿಗೆ ಕಷ್ಟವಾಗುವುದು ಈ ಏರುಪೇರಿನಿಂದಲೇ. ಹಿಂದಿನ ಮೂವತ್ತು ನಲವತ್ತು ವರ್ಷಗಳ ದಾಖಲೆ ನೋಡಿ ಮುಂದಿನ ವರ್ಷದ ಹಾನಿಯನ್ನು ಅಂದಾಜು ಮಾಡುವ ಹಳೆಯ ಪದ್ಧತಿ ಈಗ ಸರಿಹೊಂದುತ್ತಿಲ್ಲ, ಅಂದಾಜು ಅನಿಶ್ಚಿತವಾದಷ್ಟೂ ಕಂಪನಿ ತನ್ನ ರಕ್ಷಣೆಗೆಂದು ದರವನ್ನು ಏರಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಆದದ್ದೂ ಇದೇ. 2023ರ ಮೇ ತಿಂಗಳಲ್ಲಿ ಅಲ್ಲಿನ ದೊಡ್ಡ ಕಂಪನಿಯಾದ ಸ್ಟೇಟ್ ಫಾರ್ಮ್ ಹೊಸ ಮನೆಗಳಿಗೆ ವಿಮೆಯ ಅರ್ಜಿ ಸ್ವೀಕರಿಸುವುದನ್ನು ನಿಲ್ಲಿಸಿತು. ಕಟ್ಟಡ ವೆಚ್ಚದ ಏರಿಕೆ, ಹೆಚ್ಚುತ್ತಿರುವ ವಿಕೋಪಗಳು ಮತ್ತು ಮರುವಿಮೆಯ ಬಿಗಿ ಮಾರುಕಟ್ಟೆಯನ್ನು ಅದು ಕಾರಣವಾಗಿ ಕೊಟ್ಟಿತು. ಆ ರಾಜ್ಯದಲ್ಲಿ 1988ರಲ್ಲಿ ಜನಮತದಿಂದ ಬಂದ ಕಾನೂನಿನ ಪ್ರಕಾರ ದರ ಏರಿಸಲು ಸರ್ಕಾರದ ಪೂರ್ವಾನುಮತಿ ಬೇಕು. ದರ ಏರಿಸಲಾಗದ ಕಂಪನಿಗಳು ವ್ಯವಹಾರವನ್ನೇ ಕಡಿಮೆ ಮಾಡಿದವು, ಜನ ಫೇರ್ ಪ್ಲಾನ್ ಎಂಬ ಕೊನೆಯ ಆಸರೆಯ ವಿಮೆಗೆ ಹೋದರು, 2025ರ ಜನವರಿಯ ಲಾಸ್ ಏಂಜಲೀಸ್ ಬೆಂಕಿಯ ನಂತರ ಆ ಆಸರೆಯೇ ಇತರ ಕಂಪನಿಗಳಿಂದ 100 ಕೋಟಿ ಡಾಲರ್ ವಸೂಲು ಮಾಡಬೇಕಾಯಿತು. ದರವನ್ನು ಕಾನೂನಿನಿಂದ ಒತ್ತಿ ಹಿಡಿದರೆ ವಿಮೆ ಅಗ್ಗವಾಗುತ್ತದೆ ಎಂದು ನಂಬುವವರು ಈ ಪ್ರಸಂಗವನ್ನು ಗಮನಿಸಬೇಕು. ದರವನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟರೆ ತಗ್ಗಿನಲ್ಲಿರುವ ಬಡವರ ಮನೆಗೆ ವಿಮೆ ಎಟುಕದು ಎಂಬುದೂ ಅಷ್ಟೇ ನಿಜ.

ನಮ್ಮ ಸ್ಥಿತಿ ಸದ್ಯಕ್ಕೆ ಹಾಗಿಲ್ಲ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮದಂತೆ ಮನೆಗಳ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲವೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಬೇಕು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ ಎಲ್ಲವೂ ಅದರಲ್ಲಿವೆ. ಮೂಲ ಷರತ್ತುಗಳು ಎಲ್ಲ ಕಂಪನಿಗಳಲ್ಲಿಯೂ ಒಂದೇ ಆಗಿರುವುದರಿಂದ ದರವನ್ನು ಹೋಲಿಸುವುದು ಸುಲಭ. ಲೆಕ್ಕ ಅರ್ಥವಾಗಲೆಂದು ಒಂದು ಉದಾಹರಣೆ ನೋಡೋಣ. ಒಂದು ಸಾವಿರ ಚದರಡಿಯ ಮನೆಯನ್ನು ಈಗ ಮತ್ತೆ ಕಟ್ಟಲು ಚದರಡಿಗೆ 2,000 ರೂಪಾಯಿ ಬೇಕೆಂದುಕೊಂಡರೆ ವಿಮಾ ಮೊತ್ತ 20 ಲಕ್ಷ ರೂಪಾಯಿ. ಕಂಪನಿಯ ದರ ವಿಮಾ ಮೊತ್ತದ ಪ್ರತಿ ಸಾವಿರ ರೂಪಾಯಿಗೆ 40 ಪೈಸೆ ಎಂದು ಹಿಡಿದರೆ ವರ್ಷಕ್ಕೆ 800 ರೂಪಾಯಿ, ತೆರಿಗೆ ಸೇರಿ 944 ರೂಪಾಯಿ. ದರ ಇಮ್ಮಡಿಯಾದರೂ 1,888 ರೂಪಾಯಿ. ನಿಮ್ಮ ಕಂಪನಿಯ ದರ ಬೇರೆ ಇರಬಹುದು, ಆದರೆ ನೂರಾರು ಅಥವಾ ಕೆಲವು ಸಾವಿರ ರೂಪಾಯಿಗಳ ಮಾತು ಇದು. ಇದೇ ಕಂತಿಗೆ ಮನೆಯ ಸಾಮಾನುಗಳಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಪಟ್ಟಿ ಕೊಡದೆಯೇ ರಕ್ಷಣೆ ಸಿಗುತ್ತದೆ.

ನಿಮ್ಮ ಕಂತು ಏಕೆ ಏರಿದೆ ಎಂಬುದನ್ನು ನವೀಕರಣ ಪತ್ರದಲ್ಲಿಯೇ ಹುಡುಕಿ. ವಿಮಾ ಮೊತ್ತ ಏರಿದ್ದರೆ ಅದು ದರದ ಏರಿಕೆಯಲ್ಲ. ಸಿಮೆಂಟ್, ಕಬ್ಬಿಣ ಮತ್ತು ಗಾರೆ ಕೆಲಸದ ಕೂಲಿ ಏರಿದಂತೆ ಮೊತ್ತವೂ ಏರಲೇಬೇಕು. ಸೈಟಿನ ಬೆಲೆಯನ್ನು ಸೇರಿಸಿಬಿಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ನೆಲ ಕೊಚ್ಚಿಹೋಗುವುದಿಲ್ಲ, ಅದಕ್ಕೆ ವಿಮೆಯೂ ಇಲ್ಲ. ಆದರೂ ಮಾರುಕಟ್ಟೆ ಬೆಲೆಯನ್ನೇ ವಿಮಾ ಮೊತ್ತವಾಗಿ ಬರೆಸಿ ಎರಡರಷ್ಟು ಕಂತು ಕಟ್ಟುತ್ತಿರುವವರು ಇದ್ದಾರೆ. ಕೈಯಲ್ಲಿ ಒಂದಿಷ್ಟು ಹಣವಿದ್ದರೆ ಐದು ಅಥವಾ ಹತ್ತು ವರ್ಷಗಳ ಪಾಲಿಸಿಯನ್ನು ಒಮ್ಮೆಗೇ ಕೊಳ್ಳುವುದು ನಿಮ್ಮಂಥವರಿಗೆ ನನ್ನ ಸಲಹೆ. ಭಾರತ್ ಗೃಹ ರಕ್ಷಾ ಹತ್ತು ವರ್ಷದವರೆಗೆ ಸಿಗುತ್ತದೆ, ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ, ನಡುವೆ ದರ ಏರಿದರೆ ನಿಮಗೆ ತಟ್ಟುವುದಿಲ್ಲ. ಹವಾಮಾನದ ಕಾರಣಕ್ಕೆ ದರಗಳು ಏರುವ ಕಾಲದಲ್ಲಿ ಇಂದಿನ ದರವನ್ನು ಹಿಡಿದಿಟ್ಟುಕೊಳ್ಳಲು ಸಾಮಾನ್ಯ ಮನೆಯವರ ಕೈಯಲ್ಲಿರುವ ಉಪಾಯ ಇದೊಂದೇ.

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಹಿಂದೆ ಕೆರೆಯಂಗಳವಾಗಿತ್ತು ಎಂದು ಹಿರಿಯರು ಹೇಳುವ ಜಾಗದ ಬಡಾವಣೆಯಲ್ಲಿ ನಮ್ಮ ಮನೆಯಿದೆ. ದೊಡ್ಡ ಮಳೆಯಲ್ಲಿ ಮನೆಯೊಳಗೆ ನೀರು ನಿಂತಿತ್ತು. ಆಮೇಲೆ ಅಡುಗೆಮನೆಯ ಗೋಡೆ ಬಿರುಕು ಬಿಟ್ಟು ಒಂದು ಮೂಲೆ ಕುಸಿದಿದೆ. ವಿಮಾ ಕಂಪನಿಗಾಗಿ ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬಂದು ನೋಡಿ, ‘ಇದು ತುಂಬಿದ ಮಣ್ಣು ಕುಗ್ಗಿದ್ದರಿಂದ ಆದದ್ದು’ ಎಂದು ಬರೆದರು. ಕಂಪನಿ ಪರಿಹಾರ ನಿರಾಕರಿಸಿದೆ. ಕಂತು ಕಟ್ಟಿಯೂ ಹೀಗಾದರೆ ವಿಮೆ ಯಾಕೆ ಬೇಕು?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಕಂತು ಎಷ್ಟೇ ಕಡಿಮೆಯಿದ್ದರೂ ಬೇಕಾದಾಗ ಹಣ ಕೊಡದ ಪಾಲಿಸಿ ದುಬಾರಿಯೇ. ವಿಮೆ ಕೈಗೆಟುಕುತ್ತದೆಯೇ ಎಂಬ ಚರ್ಚೆಯಲ್ಲಿ ಈ ಮಾತು ಬರುವುದೇ ಇಲ್ಲ.

ಪಾಲಿಸಿಯಲ್ಲಿ ಭೂಮಿ ಕುಸಿದು ಆಗುವ ಹಾನಿಗೆ ರಕ್ಷಣೆಯಿದೆ. ಆದರೆ ಅದರ ಕೆಳಗೇ ಕೆಲವು ಹೊರತುಗಳಿವೆ: ಹೊಸ ಕಟ್ಟಡ ನೆಲಕ್ಕೆ ಕೂರುವಾಗ ಬರುವ ಸಾಮಾನ್ಯ ಬಿರುಕುಗಳು, ಮಣ್ಣು ತುಂಬಿ ಎತ್ತರಿಸಿದ ನೆಲ ಕುಗ್ಗುವುದು ಅಥವಾ ಸರಿಯುವುದು, ವಿನ್ಯಾಸ ಮತ್ತು ಕೆಲಸದ ದೋಷ, ಪಕ್ಕದಲ್ಲಿ ಪಾಯ ಅಗೆದದ್ದರಿಂದ ಆದ ಹಾನಿ. ಕೆರೆಯಂಗಳ, ಅಚ್ಚುಕಟ್ಟು, ರಾಜಕಾಲುವೆಯ ಪಕ್ಕದ ಜಾಗಗಳಿಗೆ ಮಣ್ಣು ಹೊಡೆಸಿ ಮಾಡಿದ ನಮ್ಮ ಅನೇಕ ಬಡಾವಣೆಗಳು ಈ ಎರಡನೆಯ ಹೊರತಿನೊಳಗೆ ಬೀಳುತ್ತವೆ. ನೀರಿನ ದಾರಿಯಲ್ಲಿ ಸೈಟು ಮಾಡಿ ಮಾರಿದವರು ಹಣ ಎಣಿಸಿಕೊಂಡು ಹೋದರು, ಅಪಾಯವೆಲ್ಲ ಕೊಂಡವರ ಪಾಲಿಗೆ ಉಳಿಯಿತು. ಇದನ್ನು ನಾನು ಬಹಳ ಸಂಕಟದಿಂದಲೇ ಬರೆಯುತ್ತಿದ್ದೇನೆ.

ಹಾಗೆಂದು ನಿಮ್ಮ ಪ್ರಕರಣ ಮುಗಿಯಿತೆಂದು ಭಾವಿಸಬೇಡಿ. ಹಾನಿಯ ಮೂಲ ಕಾರಣ ಯಾವುದು ಎಂಬುದೇ ಇಲ್ಲಿ ನಿರ್ಣಾಯಕ. ವರ್ಷಗಳಿಂದ ನಿಧಾನವಾಗಿ ಅಗಲವಾಗುತ್ತಾ ಬಂದ ಬಿರುಕು ಬೇರೆ, ನೆರೆಯ ನೀರು ಪಾಯದ ಕೆಳಗಿನ ಮಣ್ಣನ್ನು ಕೊರೆದು ಗೋಡೆ ಬಿದ್ದದ್ದು ಬೇರೆ. ಎರಡನೆಯದಕ್ಕೆ ನೆರೆಯ ಹಾನಿಯೆಂದು ಪರಿಹಾರ ಕೇಳುವುದಕ್ಕೆ ನಿಮಗೆ ಬಲವಾದ ಆಧಾರವಿದೆ. ಗೋಡೆಯ ಮೇಲೆ ನೀರು ನಿಂತ ಗೆರೆ ಇನ್ನೂ ಕಾಣುತ್ತಿದ್ದರೆ, ಪಕ್ಕದಲ್ಲಿ ಅಳತೆ ಟೇಪು ಹಿಡಿದು, ನೆಲದಿಂದ ಗೆರೆಯವರೆಗಿನ ಎತ್ತರ ಓದಲು ಬರುವಂತೆ ಫೋಟೊ ತೆಗೆದಿಡಿ. ಸಂಪಿನೊಳಗೆ ಹೂಳು ತುಂಬಿದ್ದರೆ ಅದನ್ನು ಎತ್ತಿಸುವ ಮೊದಲು ಅದರ ಫೋಟೊವೂ ಇರಲಿ. ಬಿರುಕಿನ ಒಳಮೈ ಹೊಸದಾಗಿ ಶುಭ್ರವಾಗಿದೆಯೇ, ದೂಳು ಮತ್ತು ಬಣ್ಣ ಕೂತು ಹಳತಾಗಿದೆಯೇ ಎಂಬುದು ಹತ್ತಿರದ ಫೋಟೊದಲ್ಲಿ ಗೊತ್ತಾಗುತ್ತದೆ, ಸರ್ವೇಯರ್‌ಗಳೂ ಅದನ್ನೇ ನೋಡುತ್ತಾರೆ. ಕಂದಾಯ ಇಲಾಖೆಯವರು ಮಹಜರು ಮಾಡಿದ್ದರೆ ಅದರ ಪ್ರತಿ ಪಡೆಯಿರಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಆ ದಿನ ನಿಮ್ಮಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತು ಎಂಬ ಅಂಕಿ ಒಳ್ಳೆಯ ಸಾಕ್ಷ್ಯ. ಸ್ವತಂತ್ರ ಸಿವಿಲ್ ಎಂಜಿನಿಯರ್ ಒಬ್ಬರಿಂದ ಕಾರಣ ತಿಳಿಸುವ ವರದಿ ಬರೆಸಿಕೊಳ್ಳಿ.

ಇವುಗಳೊಂದಿಗೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳನ್ನು ಅವರು ನೋಡುತ್ತಾರೆ. ಸರ್ವೇಯರ್ ವರದಿಯ ಪ್ರತಿಯನ್ನು ಕಂಪನಿಯಿಂದ ಕೇಳಿ ಪಡೆದಿಟ್ಟುಕೊಳ್ಳಿ. ಅದರಲ್ಲಿ ನೀರಿನ ಮಟ್ಟದ ಉಲ್ಲೇಖವೇ ಇಲ್ಲದಿದ್ದರೆ ನಿಮ್ಮ ವಾದಕ್ಕೆ ಅದೇ ಮೊದಲ ಅಂಶ.

ಪ್ರಶ್ನೆ: ಕೋಲಾರದಲ್ಲಿ ಬ್ಯಾಂಕ್ ಸಾಲದಿಂದ ಮನೆ ಕಟ್ಟಿಸಿದ್ದೇವೆ. ಸಾಲ ಕೊಡುವಾಗ ಬ್ಯಾಂಕಿನವರು ಒಂದು ವಿಮೆ ಮಾಡಿಸಿ ಅದರ ಹಣವನ್ನೂ ಸಾಲಕ್ಕೇ ಸೇರಿಸಿದರು. ನೆರೆ ಬಂದರೆ ಅದೇ ಸಾಕಲ್ಲವೇ?

ಉತ್ತರ: ಪಾಲಿಸಿಯ ಪತ್ರವನ್ನು ಇಂದೇ ತೆಗೆದು ನೋಡಿ. ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವ ವಿಮೆ ಜೀವ ವಿಮೆ; ಗೋಡೆ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಟ್ಟಡದ ವಿಮೆಯೂ ಇದ್ದರೆ ಅದು ಸಾಲದ ಬಾಕಿ ಮೊತ್ತಕ್ಕೆ ಮಾತ್ರ ಇದೆಯೇ, ಮತ್ತೆ ಕಟ್ಟುವ ಪೂರ್ತಿ ವೆಚ್ಚಕ್ಕೆ ಇದೆಯೇ, ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಓದಿ. ಬ್ಯಾಂಕು ಹೇಳಿದ ಕಂಪನಿಯಲ್ಲಿಯೇ ಕೊಳ್ಳಬೇಕೆಂಬ ಕಡ್ಡಾಯವಿಲ್ಲ.

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಬೆಳೆ ವಿಮೆಗೆ ಸರ್ಕಾರ ಸಹಾಯಧನ ಕೊಡುತ್ತದೆ. ಮನೆ ವಿಮೆಗೆ ಏಕಿಲ್ಲ? ಮಣ್ಣಿನ ಗೋಡೆಯ ಹಳೆಯ ಹಂಚಿನ ಮನೆಗೆ ವಿಮೆ ಸಿಗುತ್ತದೆಯೇ?

ಉತ್ತರ: ಬಹಳ ಸರಿಯಾದ ಪ್ರಶ್ನೆ. 2016ರಿಂದ ಜಾರಿಯಲ್ಲಿರುವ ಬೆಳೆ ವಿಮೆಯಲ್ಲಿ ರೈತರ ಪಾಲು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಗರಿಷ್ಠ ಶೇ 5. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಬೆಳೆ ಹೋದರೆ ಒಂದು ವರ್ಷದ ಆದಾಯ ಹೋಗುತ್ತದೆ, ಮನೆ ಹೋದರೆ ಒಂದು ತಲೆಮಾರಿನ ಉಳಿತಾಯವೇ ಹೋಗುತ್ತದೆ. ಆದರೂ ಮನೆ ಕುಸಿದವರಿಗೆ ನಾವು ಪರಿಹಾರದ ಮೇಲೆಯೇ ಅವಲಂಬಿಸಿದ್ದೇವೆ. 2022ರಿಂದ 2026ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರ ಮಾರ್ಗಸೂಚಿಯ ಪ್ರಕಾರ ಬಯಲು ಪ್ರದೇಶದಲ್ಲಿ ಪೂರ್ತಿ ಕುಸಿದ ಮನೆಗೆ ಸಿಗುವುದು 1.20 ಲಕ್ಷ ರೂಪಾಯಿ. 2019ರ ನೆರೆಯ ನಂತರ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ 5 ಲಕ್ಷ ರೂಪಾಯಿ ಕೊಟ್ಟಿತ್ತು, ಆದರೆ ಅಂಥ ಹೆಚ್ಚುವರಿ ನೆರವು ಆಯಾ ವರ್ಷದ ಆದೇಶವನ್ನು ಅವಲಂಬಿಸಿದೆ, ಹಕ್ಕಾಗಿ ಕೇಳುವಂಥದ್ದಲ್ಲ.

ಬ್ರಿಟನ್ ಬೇರೆ ದಾರಿ ಹಿಡಿದಿದೆ. ಅಲ್ಲಿ 2016ರಲ್ಲಿ ಆರಂಭವಾದ ಫ್ಲಡ್ ರೀ ಎಂಬ ವ್ಯವಸ್ಥೆ, ಮನೆ ವಿಮೆ ಮಾರುವ ಎಲ್ಲ ಕಂಪನಿಗಳಿಂದ ವಂತಿಗೆ ಪಡೆದು ನೆರೆಪೀಡಿತ ಪ್ರದೇಶದ ಮನೆಗಳ ನೆರೆ ಅಪಾಯವನ್ನು ಕಡಿಮೆ ದರಕ್ಕೆ ಹೊರುತ್ತದೆ. 2039ರವರೆಗೆ ಮಾತ್ರ ಅದು ಇರುತ್ತದೆ. ಅದರ ಒಂದು ಷರತ್ತು ನನಗೆ ಬಹಳ ವಿವೇಕದ್ದೆಂದು ತೋರುತ್ತದೆ: 2009ರ ಜನವರಿ 1ರ ನಂತರ ಕಟ್ಟಿದ ಮನೆಗಳಿಗೆ ಈ ಸೌಲಭ್ಯವಿಲ್ಲ. ಹಳೆಯ ನಿವಾಸಿಗಳಿಗೆ ಆಸರೆ ಸಿಗಬೇಕು, ಆದರೆ ನೀರಿನ ದಾರಿಯಲ್ಲಿ ಹೊಸದಾಗಿ ಕಟ್ಟುವವರಿಗೆ ಅದು ಉತ್ತೇಜನವಾಗಬಾರದು. ನಮ್ಮ ರಾಜ್ಯದಲ್ಲಿ ಬಡವರ ಮನೆಗಳಿಗೆ ಗ್ರಾಮ ಪಂಚಾಯಿತಿಯ ಮೂಲಕ ಗುಂಪು ವಿಮೆ ಮಾಡಿಸಿ ಕಂತಿನ ಒಂದು ಪಾಲನ್ನು ಸರ್ಕಾರ ಭರಿಸಿದರೆ, ಪ್ರತಿ ನೆರೆಯ ನಂತರ ಪರಿಹಾರಕ್ಕಾಗಿ ನಾಡಕಚೇರಿಗೆ ಅಲೆಯುವುದು ತಪ್ಪೀತು ಎಂಬುದು ನನ್ನ ದೃಢ ಅಭಿಪ್ರಾಯ.

ನಿಮ್ಮ ಹಂಚಿನ ಮನೆಯ ವಿಷಯ. ಅರ್ಜಿಯಲ್ಲಿ ಗೋಡೆ ಮಣ್ಣಿನದು, ಚಾವಣಿ ಹಂಚಿನದು ಎಂದು ಇದ್ದಂತೆ ಬರೆಸಿ, ಒಪ್ಪಿದ ಕಂಪನಿಯಲ್ಲಿ ಮಾತ್ರ ಪಾಲಿಸಿ ಕೊಳ್ಳಿ. ಏಜೆಂಟರು ‘ಆರ್‌ಸಿಸಿ ಎಂದೇ ಹಾಕಿಬಿಡೋಣ’ ಎಂದರೆ ಒಪ್ಪಬೇಡಿ. ಕ್ಲೇಮ್ ಬಂದ ದಿನ ಆ ಒಂದು ಸುಳ್ಳೇ ನಿರಾಕರಣೆಗೆ ಕಾರಣವಾಗುತ್ತದೆ. ಸೋರಿಕೆಯಿಂದ ವರ್ಷಗಟ್ಟಲೆ ನೆನೆದು ಶಿಥಿಲವಾದ ಗೋಡೆಗೆ ಪರಿಹಾರವಿಲ್ಲ, ಆದ್ದರಿಂದ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಿ ಅದರ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಚಿಂತಾಮಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಾಲೀಕರು ವಿಮೆ ಮಾಡಿಸಿದ್ದರೆ ನಮ್ಮ ಸಾಮಾನಿಗೂ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ನಿಮ್ಮ ಫ್ರಿಜ್, ವಾಷಿಂಗ್ ಮಷೀನ್, ಯುಪಿಎಸ್, ಮಂಚ, ಬೀರುಗಳಿಗೆ ನೀವೇ ಸಾಮಾನುಗಳ ವಿಮೆಯನ್ನು ಮಾತ್ರ ಪ್ರತ್ಯೇಕವಾಗಿ ಕೊಳ್ಳಬಹುದು. ಚಿನ್ನಕ್ಕೆ ಬೇರೆ ಐಚ್ಛಿಕ ರಕ್ಷಣೆ ಬೇಕು.

ಪ್ರಶ್ನೆ: ಕೋಲಾರದಲ್ಲಿ ಹೊಸ ಮನೆ ಕಟ್ಟುತ್ತಿದ್ದೇವೆ. ನೆಲಗಟ್ಟನ್ನು ರಸ್ತೆಗಿಂತ ಮೂರಡಿ ಎತ್ತರಿಸಿದ್ದೇವೆ, ಮಳೆನೀರು ಇಂಗುಗುಂಡಿಯನ್ನೂ ಮಾಡಿಸಿದ್ದೇವೆ. ಕಂತಿನಲ್ಲಿ ರಿಯಾಯಿತಿ ಕೇಳಬಹುದೇ?

ಉತ್ತರ: ಕೇಳಿ, ಲಿಖಿತವಾಗಿಯೇ ಕೇಳಿ. ಕಂಪನಿಗಳು ಪಿನ್‌ಕೋಡ್ ಮತ್ತು ಕಟ್ಟಡದ ಬಗೆಯನ್ನು ನೋಡುವಷ್ಟು ಒಂದೊಂದು ಮನೆಯ ಎಚ್ಚರಿಕೆಯನ್ನು ನೋಡುವುದಿಲ್ಲವಾದ್ದರಿಂದ ಸಿಗದಿರುವ ಸಾಧ್ಯತೆಯೇ ಹೆಚ್ಚು. ಆದರೂ ಎತ್ತರಿಸಿದ ನೆಲಗಟ್ಟು ನಿಮ್ಮ ಮನೆಯೊಳಗೆ ನೀರು ಬರುವುದನ್ನು ತಡೆಯುತ್ತದೆ, ಅದರ ಲಾಭ ಯಾವ ರಿಯಾಯಿತಿಗಿಂತಲೂ ದೊಡ್ಡದು. ವಿದ್ಯುತ್ ಮೀಟರ್, ಯುಪಿಎಸ್ ಬ್ಯಾಟರಿ ಮತ್ತು ಮೋಟಾರಿನ ಸ್ಟಾರ್ಟರ್ ಅನ್ನು ಸೊಂಟದ ಎತ್ತರಕ್ಕಿಂತ ಮೇಲೆ ಕೂರಿಸಲು ಈಗಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ. ಕೆಲಸ ಮುಗಿದ ಮೇಲೆ ಬದಲಿಸುವುದು ಕಷ್ಟ.

ಒಂದು ಮನೆ ಎತ್ತರವಾದರೆ ನೀರು ಪಕ್ಕದ ತಗ್ಗಿನ ಮನೆಗೆ ಹೋಗುತ್ತದೆ ಎಂಬುದನ್ನೂ ಹೇಳಲೇಬೇಕು. ಬಡಾವಣೆಯ ಅಪಾಯ ಇಳಿಯಬೇಕಾದರೆ ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆ ತೆರೆದಿರಬೇಕು. ಕೋಲಾರದಲ್ಲಿ ಇದು ಇನ್ನೂ ಮುಖ್ಯ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಅನೇಕ ಕೆರೆಗಳು ಬೇಸಿಗೆಯಲ್ಲಿಯೂ ತುಂಬಿರುತ್ತವೆ. ಬೋರ್‌ವೆಲ್‌ಗಳಿಗೆ ಅದು ಒಳ್ಳೆಯದೇ, ಆದರೆ ಮೊದಲೇ ತುಂಬಿದ ಕೆರೆಗೆ ಬಿರುಮಳೆಯ ನೀರು ಬಂದರೆ ಕೋಡಿ ಬೇಗ ಬೀಳುತ್ತದೆ. ನಿಮ್ಮ ಬಡಾವಣೆಯ ಮೇಲಿನ ಕೆರೆ ಯಾವುದು, ಅದರ ಕೋಡಿ ನೀರು ಯಾವ ದಿಕ್ಕಿಗೆ ಹರಿಯುತ್ತದೆ, ನಡುವೆ ಎಲ್ಲೆಲ್ಲಿ ಒತ್ತುವರಿಯಾಗಿದೆ ಅಥವಾ ಕಸ ತುಂಬಿದೆ ಎಂಬುದನ್ನು ಗ್ರಾಮ ನಕಾಶೆ ಹಿಡಿದು ನೆರೆಹೊರೆಯವರೊಂದಿಗೆ ಒಮ್ಮೆ ನಡೆದು ನೋಡಿ, ಫೋಟೊಗಳ ಸಮೇತ ನಗರಸಭೆಗೂ ತಹಶೀಲ್ದಾರರಿಗೂ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೇ ತಿಂಗಳೊಳಗೆ ಕೊಟ್ಟರೆ ಮುಂಗಾರಿಗೆ ಮೊದಲು ಹೂಳೆತ್ತಿಸಲು ಸಮಯವಿರುತ್ತದೆ.